ಅಡುಗೆಮನೆ ಪ್ರಶ್ನೋತ್ತರ: ಒಡೆಯುವ ಡ್ರೆಸ್ಸಿಂಗ್, ನೀರು ಬಿಡುವ ಕೋಸಂಬರಿ

ಬಿಸಿಲು ಏರಿದಂತೆ ಬರುವ ಪ್ರಶ್ನೆಗಳೂ ಒಲೆ ಬಿಟ್ಟು ಹಸಿ ತರಕಾರಿಯ ಕಡೆ ತಿರುಗುತ್ತವೆ. ಈ ಸಲ ಬಹುಪಾಲು ಸಲಾಡು, ಕೋಸಂಬರಿ, ಪಚಡಿಗಳದ್ದೇ. ಉತ್ತರಗಳಲ್ಲಿ ಟೇಬಲ್ ಚಮಚ ಎಂದರೆ 15 ಮಿ.ಲೀ., ಟೀ ಚಮಚ ಎಂದರೆ 5 ಮಿ.ಲೀ. ಮನೆಯ ಸ್ಟೀಲ್ ಚಮಚಗಳು ಒಂದೊಂದೂ ಒಂದೊಂದು ಅಳತೆ. ಕೆಮ್ಮಿನ ಸಿರಪ್ಪಿನ ಜೊತೆ ಬರುವ ಗೆರೆಯಿರುವ ಮುಚ್ಚಳದಲ್ಲಿ ನೀರು ಅಳೆದು ನಿಮ್ಮ ಚಮಚಕ್ಕೆ ಸುರಿದು ನೋಡಿ. ಒಮ್ಮೆ ಗೊತ್ತಾದರೆ ಸಾಕು.

ನಿಂಬೆರಸ, ಎಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ ಸೇರಿಸಿ ಡ್ರೆಸ್ಸಿಂಗ್ ಮಾಡುತ್ತೇನೆ. ಎರಡೇ ನಿಮಿಷಕ್ಕೆ ಎಣ್ಣೆ ಮೇಲೆ ತೇಲುತ್ತದೆ, ಉಪ್ಪು ತಳದಲ್ಲಿ ಕೂರುತ್ತದೆ. ಸಲಾಡಿನ ಮೊದಲ ತುತ್ತು ಸಪ್ಪೆ, ಕೊನೆಯದು ಬರೀ ಉಪ್ಪು. ಏನು ಮಾಡಲಿ?
— ತುಮಕೂರಿನ ಓದುಗರು

ಹಾಕುವ ಕ್ರಮ ಬದಲಿಸಿ. ಉಪ್ಪಾಗಲಿ ಸಕ್ಕರೆಯಾಗಲಿ ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆ ಸುತ್ತಿಕೊಂಡ ಹರಳು ಆಮೇಲೆ ನಿಂಬೆರಸದಲ್ಲೂ ಸುಲಭವಾಗಿ ಕರಗದೆ ತಳ ಸೇರುತ್ತದೆ. ಮೊದಲು ಬರೀ ನಿಂಬೆರಸಕ್ಕೆ ಉಪ್ಪು, ಸಿಹಿ ಹಾಕಿ ಕದಡಿ. ಹರಳು ಕಾಣದ ಹಾಗಾದ ಮೇಲಷ್ಟೇ ಎಣ್ಣೆ.

ಇನ್ನು ತೇಲುವ ವಿಷಯ. ನೀರಿನಂಶಕ್ಕೂ ಎಣ್ಣೆಗೂ ತಾವಾಗಿ ಹೊಂದಿಕೆಯಾಗದು, ನಡುವೆ ಒಬ್ಬ ದಲ್ಲಾಳಿ ಬೇಕು. ಆ ಕೆಲಸಕ್ಕೆ ಸಾಸಿವೆಯಷ್ಟು ಅಗ್ಗದ್ದು, ಕೈಗೆ ಸಿಗುವಂಥದ್ದು ಬೇರೆ ಇಲ್ಲ. ಅದರ ಸಿಪ್ಪೆಯಲ್ಲಿರುವ ಲೋಳೆ ಎಣ್ಣೆಯ ಹನಿಗಳು ಮತ್ತೆ ಒಂದಾಗದಂತೆ ತಡೆಯುತ್ತದೆ. ನಾಲ್ವರ ಸಲಾಡಿಗೆ ಅಳತೆ ಹೀಗೆ: ನಿಂಬೆರಸ ಒಂದೂವರೆ ಟೇಬಲ್ ಚಮಚ, ಉಪ್ಪು ಅರ್ಧ ಟೀ ಚಮಚಕ್ಕೆ ಸ್ವಲ್ಪ ಕಡಿಮೆ, ಜೇನು ಅಥವಾ ಜೋನಿಬೆಲ್ಲ ಅರ್ಧ ಟೀ ಚಮಚ, ಸಾಸಿವೆ ಪೇಸ್ಟ್ ಅರ್ಧ ಟೀ ಚಮಚ, ಎಣ್ಣೆ ಮೂರು ಟೇಬಲ್ ಚಮಚ. ವಿನೆಗರ್ ಒಂದು ಪಾಲಿಗೆ ಎಣ್ಣೆ ಮೂರು ಪಾಲು ಎನ್ನುವುದು ಪಾಶ್ಚಾತ್ಯರ ರೂಢಿ. ಹುಳಿಗೆ ಒಗ್ಗಿದ ನಮ್ಮ ನಾಲಿಗೆಗೆ ಎರಡು ಪಾಲು ಎಣ್ಣೆ ಧಾರಾಳವಾಯಿತು.

ಕಲಸಲು ಚಮಚ ಬೇಡ. ಖಾಲಿ ಜಾಮ್ ಬಾಟಲಿಗೆ ಎಲ್ಲವನ್ನೂ ಹಾಕಿ, ಮುಚ್ಚಳ ಬಿಗಿದು, ಇಪ್ಪತ್ತು ಎಣಿಸುವವರೆಗೆ ಜೋರಾಗಿ ಕುಲುಕಿ. ಬಾಟಲಿ ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ಕುಲುಕಿದ್ದು ದಂಡ, ಒಳಗೆ ಹೊರಳಾಡಲು ಜಾಗವೇ ಇರುವುದಿಲ್ಲ. ತಿಳಿಯಾಗಿದ್ದದ್ದು ಮಬ್ಬಾಗಿ, ತೆಳ್ಳನೆಯ ಗಂಜಿಯ ಹಾಗೆ ಬಾಟಲಿಯ ಗೋಡೆಗೆ ಅಂಟಿಕೊಂಡರೆ ಹದ ಬಂತೆಂದು ಅರ್ಥ. ಹೊತ್ತು ಕಳೆದು ಬೇರ್ಪಟ್ಟರೆ ಮತ್ತೆ ಕುಲುಕಿ, ಕೆಟ್ಟಿದೆ ಎಂದುಕೊಳ್ಳಬೇಡಿ. ರುಚಿಯನ್ನು ಚಮಚದಿಂದ ನೆಕ್ಕಿ ನೋಡಿದರೆ ಹುಳಿ ಹೆಚ್ಚಾಯಿತೆಂದೇ ಅನಿಸುತ್ತದೆ. ಸೌತೆಕಾಯಿಯ ಹೋಳೊಂದನ್ನು ಅದ್ದಿ ತಿಂದು ನೋಡಿ.

ಯಾವ ಎಣ್ಣೆ ಒಳ್ಳೆಯದು? ಆಲಿವ್ ಎಣ್ಣೆಯೇ ಬೇಕೆ? ಮಿಕ್ಸಿಯಲ್ಲಿ ತಿರುವಿದಾಗ ಅದು ಕಹಿಯಾಯಿತು.
— ಮೈಸೂರಿನ ಓದುಗರು

ಬೇಕೇಬೇಕು ಅಂತೇನಿಲ್ಲ. ಗಾಣದ ಶೇಂಗಾ ಎಣ್ಣೆಗೆ ತನ್ನದೇ ಪರಿಮಳವಿದೆ, ಹೆಸರುಕಾಳಿನ ಸಲಾಡಿಗೆ, ಎಲೆಕೋಸಿಗೆ ಅದೇ ಚೆಂದ. ಎಳ್ಳೆಣ್ಣೆ ಗಡಸು, ಒಂದು ಪಾಲಿಗೆ ಎರಡು ಪಾಲು ಸೂರ್ಯಕಾಂತಿ ಎಣ್ಣೆ ಬೆರೆಸಿ. ಕೊಬ್ಬರಿ ಎಣ್ಣೆ ಮಾತ್ರ ತಣ್ಣಗಿನ ಸಲಾಡಿಗೆ ಬೇಡ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಫ್ರಿಜ್ಜಿನಿಂದ ತೆಗೆದ ಸೌತೆಕಾಯಿಯ ಮೇಲೆ ಬಿಳಿ ಚೂರಾಗಿ ಕೂರುತ್ತದೆ. ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಯಲ್ಲಿರುವ ಒಗರಿನ ಅಂಶ ಮಿಕ್ಸಿಯ ಬ್ಲೇಡಿನ ರಭಸಕ್ಕೆ ಬಿಟ್ಟುಕೊಂಡು ಕಹಿಯಾಗುತ್ತದೆ. ಉಳಿದದ್ದನ್ನು ಮಿಕ್ಸಿಯಲ್ಲಿ ರುಬ್ಬಿ, ಆ ಎಣ್ಣೆಯನ್ನು ಕೊನೆಗೆ ಕೈಯಲ್ಲೇ ಬೆರೆಸಿ.

ಮನೆಯಲ್ಲಿ ನಾಮಕರಣ. 25 ಜನಕ್ಕೆ ಹೆಸರುಬೇಳೆ ಕೋಸಂಬರಿ ಮಾಡಬೇಕು. ಹೋದ ಸಲ ಬಡಿಸುವ ಹೊತ್ತಿಗೆ ಪಾತ್ರೆಯ ತಳದಲ್ಲಿ ಒಂದು ಲೋಟ ನೀರು ನಿಂತಿತ್ತು, ಎಲೆಯ ಮೇಲೆ ಪಲ್ಯದವರೆಗೂ ಹರಿಯಿತು.
— ಹಾಸನದ ಓದುಗರು

ಆ ನೀರು ಸೌತೆಕಾಯಿಯದು. ಉಪ್ಪು ತಾಗಿದ ಗಳಿಗೆಯಿಂದ ಸೌತೆಕಾಯಿ ತನ್ನ ನೀರನ್ನು ಹೊರಗೆ ಹಾಕತೊಡಗುತ್ತದೆ. ಹಾಗಾಗಿ ಉಪ್ಪು ಹಾಕುವ ಸಮಯದ್ದೇ ಇಲ್ಲಿ ಎಲ್ಲ ಆಟ.

25 ಜನಕ್ಕೆ ಎಲೆ ಊಟದ ಲೆಕ್ಕದಲ್ಲಿ ಹೆಸರುಬೇಳೆ 300 ಗ್ರಾಂ, ಎಳೆ ಸೌತೆಕಾಯಿ ಮುಕ್ಕಾಲು ಕೆ.ಜಿ., ಒಂದು ಹೋಳು ತೆಂಗಿನಕಾಯಿಯ ತುರಿ, ಹಸಿಮೆಣಸಿನಕಾಯಿ ಎಂಟು, ಕೊತ್ತಂಬರಿ ಸೊಪ್ಪು ಒಂದು ಕಟ್ಟು, ನಿಂಬೆಹಣ್ಣು ಮೂರು. ಬೇಳೆ ನೆನೆಯಲು ಮುಕ್ಕಾಲು ಗಂಟೆ ಸಾಕು. ಉಗುರಿನಲ್ಲಿ ಒತ್ತಿದರೆ ಕಟ್ಟನೆ ಎರಡಾಗಬೇಕು, ಹಿಟ್ಟಾಗಬಾರದು. ಮೂರು ನಾಲ್ಕು ಗಂಟೆ ನೆನೆದ ಬೇಳೆ ಲೋಳೆಯಾಗುತ್ತದೆ, ಸೆಕೆಗೆ ಬೇಗ ಹುಳಿ ವಾಸನೆಯೂ ಬರುತ್ತದೆ. ಜರಡಿಯಲ್ಲಿ ಬಸಿದು, ಆಮೇಲೆ ಒಣ ಪಂಚೆಯ ಮೇಲೆ ಹತ್ತು ನಿಮಿಷ ಹರವಿ. ಬಸಿದದ್ದೇ ಸಾಕೆಂದು ಇದನ್ನು ಬಿಡುವವರೇ ಹೆಚ್ಚು. ಆದರೆ ತಳದ ನೀರಿನಲ್ಲಿ ಬೇಳೆಯ ಪಾಲೂ ಇರುತ್ತದೆ.

ಸೌತೆಕಾಯಿಯನ್ನು ಸೀಳಿ, ಬೀಜದ ತಿರುಳನ್ನು ಚಮಚದಿಂದ ಕೆರೆದು ತೆಗೆಯಿರಿ. ತುರಿಯಬೇಡಿ, ಸಣ್ಣಗೆ ಹೆಚ್ಚಿ, ತುರಿದದ್ದು ಅರ್ಧ ನೀರೇ. ಒಗ್ಗರಣೆಗೆ ಎರಡು ಟೇಬಲ್ ಚಮಚ ಎಣ್ಣೆ, ಸಾಸಿವೆ, ಇಂಗು, ಕರಿಬೇವು. ಒಗ್ಗರಣೆ ಪೂರ್ತಿ ಆರಿದ ಮೇಲೆ ಬೇಳೆಗೂ ಸೌತೆಕಾಯಿಗೂ ಬೆರೆಸಿಟ್ಟರೆ ಹೋಳುಗಳ ಮೇಲೆ ಎಣ್ಣೆಯ ತೆಳು ಪದರ ಕೂತು, ಉಪ್ಪು ಹಿಡಿಯುವುದು ತುಸು ತಡವಾಗುತ್ತದೆ. ಇಲ್ಲಿಗೆ ನಿಲ್ಲಿಸಿ, ಮುಚ್ಚಿಡಿ. ಎಲೆ ಹಾಕಿ ನೀರು ಚಿಮುಕಿಸುವ ಹೊತ್ತಿಗೆ ಉಪ್ಪು, ನಿಂಬೆರಸ, ಕಾಯಿತುರಿ ಸೇರಿಸಿ. ಎರಡು ಪಂಕ್ತಿ ಇದ್ದರೆ ಎರಡು ಪಾಲು ಮಾಡಿ, ಎರಡನೆಯ ಪಾಲಿಗೆ ಎರಡನೆಯ ಪಂಕ್ತಿಗೇ ಉಪ್ಪು.

ಹೊರಗಿನ ಮಯೋನೀಸ್ ಬಗ್ಗೆ ಭಯ. ಮೊಟ್ಟೆಯಿಲ್ಲದೆ ಮನೆಯಲ್ಲೇ ಮಾಡಲು ಹೋದರೆ ಪ್ರತಿ ಸಲ ಮಜ್ಜಿಗೆಯ ಹಾಗೆ ನೀರಾಗಿ ಒಡೆಯುತ್ತದೆ.
— ಬೆಂಗಳೂರಿನ ಓದುಗರು

ಭಯಕ್ಕೆ ಕಾರಣವಿದೆ. ಹಸಿ ಮೊಟ್ಟೆಯ ಮಯೋನೀಸಿನಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿರುವುದರಿಂದ ತೆಲಂಗಾಣ 2024ರ ಅಕ್ಟೋಬರಿನಲ್ಲಿ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಅದಕ್ಕೆ ಒಂದು ವರ್ಷದ ನಿಷೇಧ ಹೇರಿದವು.

ಮೊಟ್ಟೆಯ ಜಾಗದಲ್ಲಿ ಹಾಲು ಸಾಕು, ಎಣ್ಣೆಯ ಹನಿಗಳನ್ನು ಹಾಲಿನ ಪ್ರೋಟೀನು ಹಿಡಿದುಕೊಳ್ಳುತ್ತದೆ. ಕಾಯಿಸಿ ಆರಿಸಿ ಕೆನೆ ತೆಗೆದ ಹಾಲು 100 ಮಿ.ಲೀ., ವಾಸನೆಯಿಲ್ಲದ ಸೂರ್ಯಕಾಂತಿ ಎಣ್ಣೆ 200 ಮಿ.ಲೀ., ಸಾಸಿವೆ ಪುಡಿ ಅರ್ಧ ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಸಕ್ಕರೆ ಒಂದು ಟೀ ಚಮಚ. ನಿಂಬೆರಸ ಒಂದು ಟೇಬಲ್ ಚಮಚ, ಅದು ಕೊನೆಗೆ. ನಿಮ್ಮದು ಒಡೆಯುವುದು ಬಹುಶಃ ನಿಂಬೆಯನ್ನು ಮೊದಲೇ ಹಾಕುವುದರಿಂದ: ಹಾಲು ಎಣ್ಣೆಯನ್ನು ಹಿಡಿಯುವ ಮೊದಲೇ ಒಡೆದುಹೋಗುತ್ತದೆ. ಅದೇ ನಿಂಬೆ ಕೊನೆಗೆ ಬಿದ್ದರೆ ಇನ್ನಷ್ಟು ಗಟ್ಟಿ ಮಾಡುತ್ತದೆ.

ಕೈ ಬ್ಲೆಂಡರ್ ಇದ್ದರೆ ಉದ್ದ ಲೋಟದಲ್ಲಿ ನಿಂಬೆರಸ ಬಿಟ್ಟು ಉಳಿದೆಲ್ಲವನ್ನೂ ಹಾಕಿ, ಬ್ಲೆಂಡರನ್ನು ತಳಕ್ಕೆ ಊರಿ, ಅಲ್ಲಾಡಿಸದೆ ಅರ್ಧ ನಿಮಿಷ ಓಡಿಸಿ. ತಳದಿಂದ ಬಿಳಿ ಮೋಡ ಏಳುವುದು ಕಾಣುತ್ತದೆ, ಆಗ ನಿಧಾನವಾಗಿ ಮೇಲೆತ್ತಿ. ಮಿಕ್ಸಿಯಾದರೆ ಚಟ್ನಿ ಜಾರು. ಹಾಲು ಬ್ಲೇಡನ್ನು ಮುಳುಗಿಸಿರಬೇಕು, ಎಣ್ಣೆಯನ್ನು ಎರಡೆರಡು ಚಮಚದಂತೆ ಸೇರಿಸುತ್ತ ಐದೈದು ಸೆಕೆಂಡು ಬಿಟ್ಟು ಬಿಟ್ಟು ತಿರುವಿ. ಒಂದೇ ಸಮ ಓಡಿಸಿದರೆ ಜಾರು ಬಿಸಿಯಾಗಿ ಒಡೆಯುತ್ತದೆ. ಒಡೆದದ್ದನ್ನು ಚೆಲ್ಲಬೇಡಿ. ಬೇರೆ ಜಾರಿಗೆ ಎರಡು ಟೇಬಲ್ ಚಮಚ ತಣ್ಣನೆಯ ಹಾಲು ಹಾಕಿ, ಒಡೆದದ್ದನ್ನೇ ಎಣ್ಣೆಯೆಂದುಕೊಂಡು ಚಮಚ ಚಮಚವಾಗಿ ಸೇರಿಸುತ್ತ ತಿರುವಿ. ಆದರೆ ನಿಂಬೆ ಬಿದ್ದು ಒಡೆದದ್ದು ಮತ್ತೆ ಕೂಡುವುದು ಕಷ್ಟ, ಅದನ್ನು ಚಪಾತಿ ಹಿಟ್ಟಿಗೆ ಹಾಕಿ. ಫ್ರಿಜ್ಜಿನಲ್ಲಿ ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ.

ರೊಟ್ಟಿ ಜೊತೆ ಹಕ್ಕರಕಿ, ಮೆಂತೆಸೊಪ್ಪು, ಉಳ್ಳಾಗಡ್ಡಿ ತಪ್ಪಲು ಹಸೀದೇ ತಿಂತೀವಿ. ಮಕ್ಕಳಿಗೆ ಇಷ್ಟ ಆಗೋ ಹಂಗ ಮೊಸರಿನ ಡ್ರೆಸ್ಸಿಂಗ್ ಹೆಂಗ ಮಾಡೋದು? ನಾವು ಮಾಡಿದ್ದು ನೀರ ನೀರ ಆಗ್ತದ.
— ಬಾಗಲಕೋಟೆಯ ಓದುಗರು

ನಿಮ್ಮ ಊರಿನ ಊಟವೇ ಅರ್ಧ ಸಲಾಡು, ಮೇಲೊಂದಿಷ್ಟು ಗುರೆಳ್ಳು ಬಿದ್ದರೆ ಪೂರ್ತಿ. ಅರ್ಧ ಲೀಟರ್ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ತೂಗುಹಾಕಿ. ಬೇಸಿಗೆಯಲ್ಲಿ ಹೊರಗೆ ಹುಳಿಯೇರುತ್ತದೆ, ಜರಡಿಯ ಮೇಲೆ ಗಂಟಿಟ್ಟು ಫ್ರಿಜ್ಜಿನೊಳಗೇ ಇಡಿ. ಇಳಿದ ನೀರು ರೊಟ್ಟಿ ಹಿಟ್ಟು ನಾದಲು ಬರುತ್ತದೆ.

ಗುರೆಳ್ಳು ಎರಡು ಟೇಬಲ್ ಚಮಚ, ಸಣ್ಣ ಉರಿಯಲ್ಲಿ ಹುರಿಯಿರಿ. ಇದರಲ್ಲೊಂದು ತೊಡಕಿದೆ. ಎಳ್ಳು ಕೆಂಪಗಾದದ್ದು ಕಣ್ಣಿಗೆ ಕಾಣುತ್ತದೆ, ಗುರೆಳ್ಳು ಮೊದಲೇ ಕಪ್ಪು, ಸೀದರೂ ಗೊತ್ತಾಗುವುದಿಲ್ಲ. ಕಿವಿಯನ್ನೇ ನಂಬಿ. ಚಟಪಟ ಶುರುವಾಗಿ ಘಮ್ಮೆಂದ ಕೂಡಲೇ ತಟ್ಟೆಗೆ ಸುರಿದುಬಿಡಿ, ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಕಹಿಯಾಗುತ್ತದೆ. ಆರಿದ ಮೇಲೆ ಎರಡು ಎಸಳು ಬೆಳ್ಳುಳ್ಳಿ, ಅರ್ಧ ಟೀ ಚಮಚ ಖಾರದ ಪುಡಿ, ಚೂರು ಬೆಲ್ಲದ ಜೊತೆ ಕುಟ್ಟಿ, ಕಟ್ಟಿದ ಮೊಸರಿಗೆ ಬೆರೆಸಿ. ಉಪ್ಪು ತಟ್ಟೆಗೆ ಬಡಿಸುವಾಗ. ಗುರೆಳ್ಳಿಲ್ಲದಿದ್ದರೆ ಶೇಂಗಾ ಹಿಂಡಿ (ಚಟ್ನಿಪುಡಿ) ಎರಡು ಟೇಬಲ್ ಚಮಚ ಹಾಕಿ, ಅದರಲ್ಲಿ ಉಪ್ಪು ಇರುವುದು ನೆನಪಿರಲಿ.

ಕಾಯಿ, ಸಾಸಿವೆ ರುಬ್ಬಿ ಹಾಕಿ ಮಾಡುವ ಮಾವಿನಹಣ್ಣಿನ ಸಾಸಿವೆ ಒಮ್ಮೊಮ್ಮೆ ಕಹಿ. ಕೆಲವೊಮ್ಮೆ ಘಾಟೇ ಇರುವುದಿಲ್ಲ.
— ಸಾಗರದ ಓದುಗರು

ಸಾಸಿವೆ ಕಾಳನ್ನು ಹಾಗೇ ಬಾಯಿಗೆ ಹಾಕಿಕೊಂಡರೆ ಘಾಟಿಲ್ಲ. ಕಾಳು ಒಡೆದು ತಣ್ಣೀರು ಸೋಕಿದ ಮೇಲೆ ಅದರೊಳಗಿನ ಕಿಣ್ವ ಘಾಟನ್ನು ಹುಟ್ಟಿಸುತ್ತದೆ. ಬಿಸಿನೀರು ಹಾಕಿ ರುಬ್ಬಿದರೆ ಕಿಣ್ವ ಸತ್ತು ಘಾಟು ಬರುವುದಿಲ್ಲ, ಕಹಿ ಮಾತ್ರ ಉಳಿಯುತ್ತದೆ. ಒಂದು ಕಪ್ ಕಾಯಿತುರಿಗೆ ಸಾಸಿವೆ ಅರ್ಧ ಟೀ ಚಮಚ ದಾಟಬಾರದು. ಕಾಯಿ ನುಣ್ಣಗಾದ ಮೇಲೆ ಕೊನೆಯಲ್ಲಿ ಸಾಸಿವೆ ಹಾಕಿ ಎರಡು ಸುತ್ತು ತಿರುವಿ, ಹತ್ತು ನಿಮಿಷ ಬಿಡಿ, ಆಮೇಲೆ ಹಣ್ಣಿಗೆ ಸೇರಿಸಿ. ಒಲೆಯ ಮೇಲೆ ಇಡಲೇಬೇಡಿ.

ಆಲಿವ್ ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಮುಳುಗಿಸಿ ಅಂದದ ಬಾಟಲಿಯಲ್ಲಿ ಯಾರೋ ಕೊಟ್ಟಿದ್ದಾರೆ. ತಿಂಗಳಿಂದ ಕಪಾಟಿನಲ್ಲಿದೆ.
— ದಾವಣಗೆರೆಯ ಓದುಗರು

ರುಚಿ ಕೂಡ ನೋಡದೆ ಚೆಲ್ಲಿ. ಎಣ್ಣೆಯೊಳಗೆ ಗಾಳಿಯಿಲ್ಲ, ಬೆಳ್ಳುಳ್ಳಿಯಲ್ಲಿ ತೇವವಿದೆ, ಹುಳಿಯಿಲ್ಲ. ಬೊಟುಲಿಸಂ ಎಂಬ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಇಷ್ಟೇ, ಅದರ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮನೆಯಲ್ಲಿ ಮಾಡಿದರೆ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ.

ಇಲ್ಲಿ ಕೇಲ್ ಸೊಪ್ಪು ಅಗ್ಗ. ಎಷ್ಟು ಡ್ರೆಸ್ಸಿಂಗ್ ಸುರಿದರೂ ತಳಕ್ಕೇ ಇಳಿಯುತ್ತದೆ, ಸೊಪ್ಪು ಹುಲ್ಲು ಅಗಿದ ಹಾಗೆ.
— ಅಮೆರಿಕದ ಡಲ್ಲಾಸ್‌ನಿಂದ ಓದುಗರು

ಎರಡು ಕಾರಣ. ಒದ್ದೆ ಎಲೆಗೆ ಎಣ್ಣೆ ಹಿಡಿಯುವುದಿಲ್ಲ. ಅಗಲ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಸೊಪ್ಪನ್ನು ಮೇಲಕ್ಕೆ ಎತ್ತಿಕೊಳ್ಳಿ. ಪಾತ್ರೆಯನ್ನೇ ಬಗ್ಗಿಸಿದರೆ ತಳದ ಮಣ್ಣು ಮತ್ತೆ ಸೊಪ್ಪಿನ ಮೇಲೇ ಬೀಳುತ್ತದೆ. ಮೂರು ನೀರಾದ ಮೇಲೆ ಟವೆಲಿನಲ್ಲಿ ಗಂಟು ಕಟ್ಟಿ ಬಾಲ್ಕನಿಯಲ್ಲಿ ನಿಂತು ಹತ್ತು ಸಲ ಬೀಸಿ. ಎರಡನೆಯದು, ಕೇಲ್ ಗಡಸು ಎಲೆ. ದಂಟು ತೆಗೆದು, ಸಣ್ಣಗೆ ಹೆಚ್ಚಿ, ಒಂದು ಟೀ ಚಮಚ ಎಣ್ಣೆ, ಚಿಟಿಕೆ ಉಪ್ಪು ಹಾಕಿ ಅವಲಕ್ಕಿ ಕಲಸುವ ಹಾಗೆ ಎರಡು ನಿಮಿಷ ಹಿಸುಕಿ. ಬಣ್ಣ ಗಾಢವಾಗಿ ರಾಶಿ ಅರ್ಧಕ್ಕೆ ಇಳಿದರೆ ಮೆತ್ತಗಾಗಿದೆ. ಲೆಟಿಸ್ಸಿಗೆ ಮಾತ್ರ ಹೀಗೆ ಮಾಡಬೇಡಿ.

ಇನ್ನುಳಿದವಕ್ಕೆ ಚುಟುಕಾಗಿ.

ಹಸಿ ಈರುಳ್ಳಿಯ ಖಾರ ಕಡಿಮೆ ಮಾಡಲು? ಹೆಚ್ಚಿದ ಮೇಲೆ ತಣ್ಣೀರಿನಲ್ಲಿ ಹತ್ತು ನಿಮಿಷ, ಬಸಿದು ನಿಂಬೆರಸ ಹಿಂಡಿ. ಬಾಣಂತಿ ಮನೆಗೋ ಆಫೀಸಿಗೋ ಒಯ್ಯುವುದಾದರೆ ಈರುಳ್ಳಿಯನ್ನು ಬೇರೆ ಡಬ್ಬಿಯಲ್ಲೇ ಇಡಿ.

ಮೆಣಸಿನಕಾಯಿ ಹೆಚ್ಚಿ ಕೈ ಉರಿಯುತ್ತಿದೆ. ಖಾರ ನೀರಿಗಿಂತ ಎಣ್ಣೆಯಲ್ಲಿ ಕರಗುತ್ತದೆ. ಮೊದಲು ಎಣ್ಣೆ ತಿಕ್ಕಿ, ಆಮೇಲೆ ಸೋಪು.

ನಿಂಬೆ ಅಗ್ಗವಿದ್ದಾಗ ರಸ ಹಿಂಡಿಟ್ಟೆ, ಕಹಿಯಾಯಿತು. ಸಿಪ್ಪೆ ನುಜ್ಜಾಗುವ ಹಾಗೆ ಹಿಂಡಿದ್ದೀರಿ, ಬೀಜವೂ ಒಳಗೆ ಉಳಿದಿರಬೇಕು. ಹದವಾಗಿ ಹಿಂಡಿ, ಕೂಡಲೇ ಸೋಸಿ, ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ. ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆ ಮುಟ್ಟಿಸಬೇಡಿ.

ಕಹಿ ಸೌತೆಕಾಯಿಯ ತುದಿ ಉಜ್ಜಿದರೆ ಕಹಿ ಹೋಗುತ್ತದೆಯೆ? ಕಹಿ ಹೆಚ್ಚಾಗಿ ತೊಟ್ಟಿನ ಕಡೆ, ಸಿಪ್ಪೆಯ ಕೆಳಗೆ ಇರುತ್ತದೆ. ತೊಟ್ಟಿನ ಕಡೆ ಎರಡು ಬೆರಳು ಅಗಲ ಕತ್ತರಿಸಿ, ದಪ್ಪಗೆ ಸಿಪ್ಪೆ ಹೆರೆದು ಮತ್ತೆ ರುಚಿ ನೋಡಿ. ಆಗಲೂ ಕಹಿಯಿದ್ದರೆ ಎಸೆಯಿರಿ. ಸೋರೆಕಾಯಿಯಲ್ಲಿ ಈ ರಾಜಿಯೂ ಬೇಡ. ಹೆಚ್ಚುವ ಮೊದಲು ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ, ಕಹಿಯಿದ್ದರೆ ಉಗಿದು, ಕಾಯಿಯನ್ನು ಇಡಿಯಾಗಿ ಬಿಸಾಡಿ. ಕಹಿ ಸೋರೆಕಾಯಿಯಲ್ಲಿ ವಿಷವಿರುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ.