ಐದು ಪೊಸಿಷನ್ ಗೊತ್ತು, ದಾರಿ ಮಾತ್ರ ಗೊತ್ತಿಲ್ಲ

ಪ್ರಶ್ನೆ: ಗಿಟಾರ್ ಕಲಿಯಲು ಶುರು ಮಾಡಿ ಎರಡು ವರ್ಷ ಆಯಿತು. ಎ ಮೈನರ್ ಪೆಂಟಾಟಾನಿಕ್ (ಐದು ಸ್ವರಗಳ) ಸ್ಕೇಲಿನ ಐದೂ ಪೊಸಿಷನ್, ಅಂದರೆ ಗಿಟಾರಿನ ಕತ್ತಿನ ಮೇಲೆ ಆ ಸ್ವರಗಳನ್ನು ಹಿಡಿಯುವ ಐದು ಜಾಗ, ಬಾಯಿಪಾಠ ಆಗಿವೆ. ಆದರೆ ನುಡಿಸುವಾಗ 5ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಪಟ್ಟಿ) ಬಿಟ್ಟು ಕದಲಲು ಆಗುತ್ತಿಲ್ಲ. ಏನು ಮಾಡಲಿ?
– ಓದುಗ, ಸಿಂಧನೂರು

ಉತ್ತರ: ನನಗೂ ಹೀಗೇ ಆಗಿತ್ತು. ಬಳ್ಳಾರಿಯ ಬೇಸಿಗೆಯಲ್ಲಿ ರಾತ್ರಿ ಮಾಳಿಗೆ ಮೇಲೆ ಕೂತು ಐದೂ ಪೊಸಿಷನ್ ತಿರುಗಿಸಿ ತಿರುಗಿಸಿ ನುಡಿಸಿದೆ. ಬೆರಳು ಓಡಿತು, ಹಾಡು ಬರಲಿಲ್ಲ.

ಒಂದು ವಾರ ಪೊಸಿಷನ್‌ಗಳನ್ನು ಮರೆತುಬಿಡಿ. ತೆಳು ತಂತಿಯಿಂದ ಎಣಿಸಿ, ಮೂರನೇ ತಂತಿ ಒಂದನ್ನೇ ಹಿಡಿಯಿರಿ. 2, 5, 7, 9, 12, 14 ಈ ಫ್ರೆಟ್‌ಗಳನ್ನು ನಿಧಾನವಾಗಿ ನುಡಿಸಿ, ಜೊತೆಗೆ ಬಾಯಲ್ಲಿ ಹಾಡಿ. ಎ ಸ್ವರವನ್ನು ಸ ಅಂದುಕೊಂಡರೆ ಇದು ಸ ಗ ಮ ಪ ನಿ ಸ. ಗ, ನಿ ಎರಡೂ ಕೋಮಲ, ಅಂದರೆ ಸ್ವಲ್ಪ ಇಳಿಸಿದ ಸ್ವರ. ನಮ್ಮ ಧಾನಿ ರಾಗದ ಸ್ವರಗಳೇ ಅಲ್ವಾ! ಇದು ಹೊಳೆದ ದಿನ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಸ ಎಲ್ಲೆಲ್ಲಿದೆ ನೋಡಿ: ಆರನೇ ತಂತಿಯ 5, ನಾಲ್ಕನೆಯದರ 7, ಎರಡನೆಯದರ 10. ದಾರಿ ತಪ್ಪಿದಾಗ ಹತ್ತಿರದ ಸ ಸ್ವರಕ್ಕೆ ಬಂದು ನಿಲ್ಲಿ.

ಪಕ್ಕದ ಎರಡು ಪೊಸಿಷನ್‌ಗಳಿಗೆ ನಡುವಿನ ಗೋಡೆ ಒಂದೇ. ಮೊದಲನೆಯದರ (ನೀವು ಸಿಕ್ಕಿಕೊಂಡಿರುವ 5ನೇ ಫ್ರೆಟ್‌ನದು) ಬಲಗಡೆಯ ಸ್ವರಗಳೇ ಎರಡನೆಯದರ ಎಡಗಡೆಯವು. ಮೂರನೇ ತಂತಿಯ 7ರಿಂದ 9ಕ್ಕೆ ಬೆರಳು ಜಾರಿಸಿ, ಆಚೆ ಮನೆಗೆ ಹೋದಿರಿ. ಸದ್ಯ ಈ ಎರಡೇ ಸಾಕು. ಐದನ್ನೂ ಒಟ್ಟಿಗೆ ಎಳೆದುಕೊಳ್ಳಬೇಡಿ.

ನಮ್ಮ ಕಡೆ ಬೆವರು ಜಾಸ್ತಿ. ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಲ್ಲಿ ಒರೆಸಿಡಿ.