ನಂಗಲಿಯ ಆಚೆ, ನಂಗಲಿಯ ಈಚೆ

ಮುಳಬಾಗಿಲಿನ ನಿವೃತ್ತ ಶಿಕ್ಷಕರೊಬ್ಬರ ಪತ್ರ: "ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಎಲ್ಲೆಲ್ಲಿಂದಲೋ ಜನ ಬಂದು ತುಂಬಿದ್ದಾರೆ. ಯಾರು ಈ ದೇಶದವರು, ಯಾರು ಅಲ್ಲ ಎಂದು ಕೇಳುವವರಿಲ್ಲ. ಸಂವಿಧಾನ ಬರೆದವರು ಪೌರತ್ವವನ್ನು ಪ್ರಸಾದದಂತೆ ಹಂಚಿಬಿಟ್ಟರು. ಜನನ ಪತ್ರ ತೋರಿಸಿದವನಿಗೆ ಮಾತ್ರ ಪೌರತ್ವ ಎಂದು ಅಂದೇ ಬರೆದಿದ್ದರೆ ಈ ತೊಂದರೆ ಇರುತ್ತಿತ್ತೇ?"

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ದುಂಡಗಿನ ಕೈಬರಹದ ಪತ್ರವನ್ನು ಎರಡು ಸಲ ಓದಿದೆ. ಇಷ್ಟು ಅಂದವಾದ ಅಕ್ಷರ ನಮ್ಮ ಕಚೇರಿಗೆ ಬಂದು ಬಹಳ ದಿನಗಳಾಗಿದ್ದವು.

ದೇಶವೆಂದ ಮೇಲೆ ಗಡಿ ಇರಬೇಕು, ಗಡಿಗೆ ಕಾವಲೂ ಬೇಕು. ಗಡಿಯಾಚೆಯಿಂದ ಬಂದು ನೆಲೆಸಿದವರ ಬಗ್ಗೆ ಅಸ್ಸಾಮಿನವರ ಕಳವಳ ಕಟ್ಟುಕಥೆಯಲ್ಲ; 1985ರ ಅಸ್ಸಾಂ ಒಪ್ಪಂದ ಹುಟ್ಟಿದ್ದೇ ಅದರಿಂದ. ಅಲ್ಲಿಗೆ ನನ್ನ ಒಪ್ಪಿಗೆ ಮುಗಿಯಿತು. ನರಸಾಪುರದ ಬಾಡಿಗೆ ಕೋಣೆಗಳಲ್ಲಿರುವ ಬಿಹಾರದ, ಒಡಿಶಾದ ಹುಡುಗರನ್ನು ಈ ಲೆಕ್ಕಕ್ಕೆ ಎಳೆಯಬೇಡಿ. ನಮ್ಮಲ್ಲಿ ರಾಜ್ಯಕ್ಕೊಂದು ಪೌರತ್ವವಿಲ್ಲ. ದೇಶದಲ್ಲಿ ಎಲ್ಲಿ ಬೇಕಾದರೂ ನೆಲೆಸುವ ಹಕ್ಕನ್ನು 19ನೇ ವಿಧಿ ನಿಮಗೆ ಕೊಟ್ಟಂತೆ ಅವರಿಗೂ ಕೊಟ್ಟಿದೆ.

ಪ್ರಸಾದದಂತೆ ಹಂಚಿದರು ಎಂದಿರಿ. ಹಂಚುವ ಮೊದಲು ಅವರು ಪಟ್ಟ ಪಾಡು ಸಣ್ಣದಲ್ಲ. ಸಂವಿಧಾನ ಸಭೆ 1949ರ ಆಗಸ್ಟ್ 10ರಿಂದ 12ರವರೆಗೆ ಇದನ್ನೇ ಚರ್ಚಿಸಿತು. ಬೇರೊಂದು ವಿಧಿಯನ್ನು ಬಿಟ್ಟರೆ ಕರಡು ಸಮಿತಿಗೆ ಇಷ್ಟು ತಲೆನೋವು ತಂದ ವಿಧಿ ಇನ್ನಿಲ್ಲ ಎಂಬರ್ಥದಲ್ಲಿ ಅಂಬೇಡ್ಕರ್ ಹೇಳಿದರು. ಪೌರತ್ವವನ್ನು ಅಗ್ಗ ಮಾಡುತ್ತಿದ್ದೀರಿ ಎಂದು ನಿಮ್ಮಂತೆಯೇ ಸಭೆಯ ಸದಸ್ಯ ಪಂಜಾಬರಾವ್ ದೇಶಮುಖ್ ವಾದಿಸಿದರು. ಸಭೆ ಒಪ್ಪಲಿಲ್ಲ. ಐದನೇ ವಿಧಿಯಲ್ಲಿ ಕೊನೆಗೆ ನಿಂತದ್ದು ಇದು: ಇಲ್ಲಿ ನೆಲೆಸಿದವನು ಇಲ್ಲೇ ಹುಟ್ಟಿದ್ದರೆ ಸಾಕು, ಅಪ್ಪನೋ ಅಮ್ಮನೋ ಇಲ್ಲಿ ಹುಟ್ಟಿದ್ದರೂ ಸಾಕು, ಅದೂ ಇಲ್ಲವೆಂದರೆ ಐದು ವರ್ಷ ಇಲ್ಲಿ ವಾಸವಿದ್ದರೂ ಸಾಕು. ನಮ್ಮ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರೂ ಆ ಸಭೆಯ ಸದಸ್ಯರು.

ನನ್ನ ಅಜ್ಜಿಯ ತವರು ಪಲಮನೇರು. ತಾತ ನಿಮ್ಮ ಮುಳಬಾಗಿಲು ಸೀಮೆಯವರು. ಇಂದು ನಂಗಲಿ ದಾಟಿದರೆ ಆಂಧ್ರ, ಅಷ್ಟೇ. ಅಂದು ಆಚೆಯದು ಮದರಾಸು ಪ್ರಾಂತ್ಯ. ಅಜ್ಜಿ ಬ್ರಿಟಿಷ್ ದೊರೆಯ ಪ್ರಜೆಯಾಗಿ ಹುಟ್ಟಿದವರು. ಈಚೆಯದು ಮೈಸೂರು ಸಂಸ್ಥಾನ. ತಾತ ಮಹಾರಾಜರ ಪ್ರಜೆ, ಬ್ರಿಟಿಷ್ ಕಾನೂನಿನ ಲೆಕ್ಕದಲ್ಲಿ ಬರೀ 'ರಕ್ಷಿತ ವ್ಯಕ್ತಿ', ಅಂದರೆ ಬ್ರಿಟಿಷರ ರಕ್ಷಣೆಯಲ್ಲಿದ್ದರೂ ಬ್ರಿಟಿಷ್ ಪ್ರಜೆಯಲ್ಲ. ಚಿನ್ನದ ಗಣಿಗೆ ಇಳಿಯಲು ಉತ್ತರ ಆರ್ಕಾಟು, ಚಿತ್ತೂರುಗಳಿಂದ ಬಂದ ಕೂಲಿಗಳು ದಾಟಿದ್ದೂ ಇದೇ ಗೆರೆಯನ್ನು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದು ಗುಂಡೇಟಿಗೆ ಬಲಿಯಾದವರಿದ್ದಾರಲ್ಲ, ಅವರೂ ಸಂಸ್ಥಾನದ ಪ್ರಜೆಗಳೇ. ಭಾರತದವರೆಂಬ ಕಾಗದ ಅವರಾರ ಸೊಂಟದಲ್ಲೂ ಇರಲಿಲ್ಲ.

ಎಂದು ಹುಟ್ಟಿದ್ದೆಂದು ಕೇಳಿದರೆ ಅಜ್ಜಿ "ದೊಡ್ಡ ಜ್ವರದ ಮಾರನೆಯ ವರ್ಷ" ಎನ್ನುತ್ತಿದ್ದರು. ಅದು 1918ರ ಇನ್‌ಫ್ಲುಯೆಂಜಾ ಎಂದು ನಾನು ಲೆಕ್ಕ ಹಾಕಿದ್ದು ಅವರು ತೀರಿಕೊಂಡ ಮೇಲೆ. ಇಡೀ ದೇಶಕ್ಕೆ ಒಂದೇ ಜನನ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. 1949ರಲ್ಲಿ ಜನನ ಪತ್ರ ಕೇಳಿದ್ದರೆ ನನ್ನ ಅಜ್ಜಿಯೂ ಇಲ್ಲ, ಬಹುಶಃ ನಿಮ್ಮ ಅಜ್ಜಿಯೂ ಇಲ್ಲ.

ನನಗೆ ನೋವಾಗುವುದು ಮುಂದಿನ ಕಥೆಗೆ. 1955ರ ಪೌರತ್ವ ಕಾಯ್ದೆಯಂತೆ, ವಿದೇಶಿ ರಾಯಭಾರಿಗಳ ಮಕ್ಕಳಂಥ ಕೆಲವರನ್ನು ಬಿಟ್ಟರೆ, ಇಲ್ಲಿ ಹುಟ್ಟಿದ ಮಗು ಈ ದೇಶದ್ದೇ. 1987ರ ಜುಲೈ 1ರಿಂದ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು ಎಂದಾಯಿತು. 2004ರ ಡಿಸೆಂಬರ್ 3ರಿಂದ, ಇನ್ನೊಬ್ಬರು ಅಕ್ರಮ ವಲಸಿಗರಾಗಿರಲೂ ಕೂಡದು. ಎಲ್ಲಿ ಹುಟ್ಟಿದೆ ಎಂದು ಕೇಳುತ್ತಿದ್ದ ಕಾನೂನು ಯಾರಿಗೆ ಹುಟ್ಟಿದೆ ಎಂದು ಕೇಳತೊಡಗಿತು. 2019ರ ತಿದ್ದುಪಡಿಯಲ್ಲಿ, ಮೂರು ನೆರೆ ದೇಶಗಳಿಂದ ಬಂದವರ ಮಟ್ಟಿಗೆ, ಯಾವ ಧರ್ಮ ಎಂಬುದೂ ಸೇರಿತು. ಐದನೇ ವಿಧಿಯಲ್ಲಿ ತಾಯಿಯನ್ನೂ ಎಣಿಸಿದ್ದ ಈ ದೇಶದಲ್ಲಿ, ಪರದೇಶದಲ್ಲಿ ಹೆತ್ತ ಮಗುವಿಗೆ ತಾಯಿಯ ಕಡೆಯಿಂದ ಪೌರತ್ವ ಸಿಗಲು 1992ರವರೆಗೆ ಕಾಯಬೇಕಾಯಿತು! ವಿದೇಶಿಯೆಂಬ ಅನುಮಾನ ಬಿದ್ದವನೇ ತಾನು ವಿದೇಶಿಯಲ್ಲವೆಂದು ರುಜುವಾತು ಮಾಡಬೇಕೆಂದು ಬ್ರಿಟಿಷರ ಆಳ್ವಿಕೆಯ ಕೊನೆಯಲ್ಲಿ, 1946ರ ವಿದೇಶಿಯರ ಕಾಯ್ದೆಯಲ್ಲಿ ಬರೆದ ನಿಯಮ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ಉಳಿದಿದೆ.

ರುಜುವಾತಿನ ಹೊರೆ ಎಷ್ಟೆಂದು ನಾನು ಕಂಡಿದ್ದೇನೆ. ನಮ್ಮ ತಾಯಿಯ ಹೆಸರು ಒಂದು ಕಾಗದದಲ್ಲಿ ವೆಂಕಟಮ್ಮ, ಇನ್ನೊಂದರಲ್ಲಿ ವೆಂಕಟಲಕ್ಷ್ಮಮ್ಮ. ಇಬ್ಬರೂ ಒಬ್ಬರೇ ಎಂದು ನಂಬಿಸಲು, ಅದೂ ಒಂದು ಪಿಂಚಣಿಗಾಗಿ, ಕಚೇರಿಯ ಮೆಟ್ಟಿಲನ್ನು ಆರು ತಿಂಗಳು ಹತ್ತಿಳಿದೆ. ಓದು ಬರಹ ಬಲ್ಲ ನನ್ನ ಪಾಡೇ ಅದಾದರೆ, ವರ್ಷಕ್ಕೊಂದು ಊರಿನ ಇಟ್ಟಿಗೆ ಗೂಡಿನಲ್ಲಿ ದುಡಿಯುವವರದು ಏನಾಗಬೇಕು? ನಮ್ಮ ಶಾಲೆಗಳಲ್ಲಿ ಇದನ್ನೆಲ್ಲ ಯಾರೂ ಹೇಳಿಕೊಡುವುದಿಲ್ಲ. ಐದರಿಂದ ಹನ್ನೊಂದನೆಯ ವಿಧಿಗಳು ಪೌರತ್ವದವು ಎಂದು ಮಕ್ಕಳು ಪರೀಕ್ಷೆಗೆ ಉರು ಹೊಡೆಯುತ್ತಾರೆ. ಅವು ಬರುವ ಮೊದಲು ತಮ್ಮ ಮುತ್ತಜ್ಜ ಯಾರ ಪ್ರಜೆಯಾಗಿದ್ದ ಎಂಬುದನ್ನು ತಿಳಿಯದೆಯೇ ಪದವಿ ಮುಗಿಸುತ್ತಾರೆ.

ಮೂವತ್ತು ವರ್ಷ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿದೆ ಎಂದು ಬರೆದಿದ್ದೀರಿ. ಮಗುವನ್ನು ಸೇರಿಸಿಕೊಳ್ಳುವಾಗ ಹುಟ್ಟಿದ ತಾರೀಖು ಕೇಳಿದರೆ, "ರಾಗಿ ಕೊಯ್ಲಿನಲ್ಲಿ ಹುಟ್ಟಿದ ಸ್ವಾಮಿ, ನೀವೇ ಒಂದು ಬರೆದುಕೊಳ್ಳಿ" ಎಂದ ತಾಯಂದಿರು ಎಷ್ಟು ಮಂದಿ? ನೀವು ಜೂನ್ 1 ಎಂದು ಬರೆದಿರುತ್ತೀರಿ. ನನ್ನ ಮೇಷ್ಟ್ರು ನನಗೂ ಅದನ್ನೇ ಬರೆದರು. ಆ ಮಕ್ಕಳು ಈಗ ತಂದೆ ತಾಯಿಯರಾಗಿದ್ದಾರೆ, ಅವರ ಬಳಿ ಇರುವ ದಾಖಲೆ ನಿಮ್ಮ ಆ ದುಂಡಗಿನ ಅಕ್ಷರ. ಯಾರಾದರೂ ಅದನ್ನು ಸುಳ್ಳೆಂದರೆ, ಕೋಲಾರದ ಬಸ್ಸು ಹಿಡಿದು ಸಾಕ್ಷಿ ಹೇಳಲು ಮೊದಲು ಹೊರಡುವವರು ನೀವೇ ಎಂದು ನಾನು ಬಲ್ಲೆ.