ಕಷ್ಟದಲ್ಲಿ ಬಾಯಿಗೆ ಸ್ತೋತ್ರ ಬರದಿದ್ದರೆ ವಿಶ್ವಾಸ ಕಡಿಮೆ ಅಂತಲೇ?

ಗಂಡನಿಗೆ ನಾಲ್ಕು ತಿಂಗಳಿಂದ ಸಂಬಳ ಆಗಿಲ್ಲ, ಪ್ರಾರ್ಥನಾ ಗುಂಪಿನವರು ‘ಸ್ತುತಿಸಿ, ಬಾಗಿಲು ತೆರೆಯುತ್ತೆ’ ಅಂತಾರೆ, ನನಗೆ ಬಾಯೇ ಬರ್ತಿಲ್ಲ ಅಂತ ಬರೆದಿದ್ದೀರಿ. ನನಗೆ ಬಾಯಿ ಬಹಳ ಚೆನ್ನಾಗಿ ಬರ್ತಿತ್ತು ಸಹೋದರಿ. ಅದರಿಂದಲೇ ಹಾಳಾದೆ.

ನಮ್ಮದು ಬಳ್ಳಾರಿ, ಕೌಲ್ ಬಜಾರ್. ಮನೆ ಮುಂದಿನ ಶೆಡ್ಡಿನಲ್ಲಿ ಆರು ಮಷಿನ್ ಹಾಕಿಕೊಂಡು ಜೀನ್ಸ್ ಹೊಲಿಸ್ತಿದ್ದೆ. ಬಟ್ಟೆ ಸೇಠಿನದು, ಕಟಿಂಗ್ ಅವರದೇ, ನಮ್ಮದು ಬರೀ ಹೊಲಿಗೆ, ಪೀಸಿಗೆ ಇಷ್ಟು ಅಂತ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆದಾಗ ಎರಡು ಲಾಟು ವಾಷಿಂಗಿನಲ್ಲೇ ನಿಂತವು. ಮಾಲು ಊರು ದಾಟದೆ ಸೇಠಿಗೆ ದುಡ್ಡಿಲ್ಲ, ಸೇಠಿಗಿಲ್ಲ ಅಂದ್ರೆ ನನಗಿಲ್ಲ, ನನಗಿಲ್ಲ ಅಂದ್ರೆ ಹೊಲಿಯೋ ಹುಡುಗರಿಗಿಲ್ಲ. ಮಷಿನ್ ಸಾಲದ ಕಂತು ಮಾತ್ರ ತಿಂಗಳಿಗೆ 11,400.

ಯಾರು ಫೋನ್ ಮಾಡಿ ಹೇಗಿದ್ದೀರಿ ಅಂದ್ರೂ ‘ದೇವರಿಗೆ ಸ್ತೋತ್ರ, ಚೆನ್ನಾಗಿ ನಡೆಸ್ತಿದ್ದಾನೆ’ ಅಂತಿದ್ದೆ. ತೆಲುಗು ಆರಾಧನೆಗೆ ಹೋಗೋರು ಕೇಳಿದ್ರೆ ‘ವಂದನಾಲು, ಅಂತಾ ಬಾಗುಂದಿ’. ಎರಡು ಭಾಷೆಯಲ್ಲಿ ಒಂದೇ ಸುಳ್ಳು.

ನನ್ನ ತಪ್ಪು ಯಾವುದು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದನ್ನು ಕೇಳಿದವರೆಲ್ಲ ‘ಬಡ್ಡಿಗೆ ಸಾಲ ತಂದಿದ್ದೇ ತಪ್ಪು’ ಅಂತಾರೆ. ಅದಲ್ಲ. ಏಪ್ರಿಲ್, ಮೇ ತಿಂಗಳ ಕಂತು ಕೈಲಿದ್ದ ದುಡ್ಡಲ್ಲಿ ಕಟ್ಟಿದೆ. ಜೂನ್‌ನಲ್ಲಿ ಕೈ ಖಾಲಿ. ಹುಡುಗರ ಬಾಕಿಗೂ ಕಂತಿಗೂ ಸೇರಿಸಿ ಒಂದೂವರೆ ಲಕ್ಷ ತಂದೆ, ಮೂರು ರೂಪಾಯಿ ಬಡ್ಡಿ. ಅದಾಗಿ ಮೂರನೇ ದಿನ ಭಾನುವಾರ. ಚರ್ಚು ತೆರೆದಿತ್ತು, ಬೆಂಚಿಗೆ ಇಬ್ಬಿಬ್ಬರಂತೆ ಕೂತಿದ್ವಿ. ಸಾಕ್ಷಿ ಹೇಳೋರು, ಅಂದ್ರೆ ದೇವರು ತಮಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳೋರು, ಯಾರಾದರೂ ಇದ್ದೀರಾ ಅಂದ್ರು. ಎದ್ದು ನಿಂತು, ‘ಇಂಥ ಕಾಲದಲ್ಲೂ ಒಂದು ಕಂತು ತಪ್ಪದ ಹಾಗೆ ಕರ್ತನು ನಡೆಸಿದ್ದಾನೆ’ ಅಂದೆ. ಎಲ್ಲರೂ ಆಮೆನ್ ಅಂದ್ರು.

ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು, ಬ್ಯಾಂಕಿನಿಂದ ರಿಟೈರ್ ಆದವರು, ಬೇವಿನ ಮರದ ಕೆಳಗೆ ಕರೆದು ಕೇಳಿದ್ರು: ‘ಏನಪ್ಪ, ಕಂತು ಯಾಕೆ ಕಟ್ತಿದ್ದೀಯ? ರಿಸರ್ವ್ ಬ್ಯಾಂಕು ಆಗಸ್ಟ್ 31ರ ತನಕ ಮುಂದೂಡೋಕೆ ಅವಕಾಶ ಕೊಟ್ಟಿದೆ. ನಾಳೆ ನಾನೇ ಜೊತೆಗೆ ಬರ್ತೀನಿ.’

‘ಬೇಡ ಅಂಕಲ್, ದೇವರು ನೋಡ್ಕೊಂಡಿದ್ದಾನೆ, ಸ್ತೋತ್ರ’ ಅಂದೆ. ಇನ್ನೊಂದು ಸಲ ಕೇಳಿದ್ರು. ಇನ್ನೊಂದು ಸಲವೂ ಅದನ್ನೇ ಅಂದೆ.

ಅದೇ ತಪ್ಪು. ಆ ಸ್ತೋತ್ರ. ಆಗ ಸಾಲದ ದುಡ್ಡಲ್ಲಿ ಮುಕ್ಕಾಲು ಪಾಲು ಬೀರುವಿನಲ್ಲೇ ಇತ್ತು. ಸೋಮವಾರ ಬ್ಯಾಂಕಿಗೆ ಹೋಗಿ ಬಂದು, ಉಳಿದಿದ್ದನ್ನು ಹಾಗೇ ವಾಪಸ್ ಕೊಡಬಹುದಿತ್ತು. ಮುಂದೂಡಿದ ಕಂತಿಗೂ ಬ್ಯಾಂಕು ಬಡ್ಡಿ ಹಾಕುತ್ತೆ, ಬಿಟ್ಟಿ ಅಲ್ಲ, ಗೊತ್ತು. ಆದರೆ ಅದು ವರ್ಷಕ್ಕೆ ನೂರಕ್ಕೆ 11. ಮೂರು ರೂಪಾಯಿ ಬಡ್ಡಿ ಅಂದ್ರೆ ವರ್ಷಕ್ಕೆ 36. ತಿಂಗಳಿಗೆ 4,500ರಂತೆ ಎರಡು ವರ್ಷ ಕಟ್ಟಿದೆ, 1,08,000. ಅಸಲು ಒಂದು ರೂಪಾಯಿ ಕದಲಲಿಲ್ಲ. ಹೂಂ ಅಂದಿದ್ರೆ ಹತ್ತು ನಿಮಿಷದ ಹಿಂದಿನ ಸಾಕ್ಷಿ ಸುಳ್ಳಾಗ್ತಿತ್ತು, ಅಷ್ಟೇ. ಆ ಹತ್ತು ನಿಮಿಷದ ಮಾನಕ್ಕೆ ನಾಲ್ಕು ಮಷಿನ್ ಮಾರಿದೆ.

ಮನೆಯವಳಿಗೂ ಹೇಳಿರಲಿಲ್ಲ. ಬಡ್ಡಿ ವಸೂಲಿ ಹುಡುಗ ಬಾಗಿಲಿಗೆ ಬಂದ ದಿನ ಅವಳು ಕೂಗಾಡಲಿಲ್ಲ. ‘ಸಾಕ್ಷಿ ಹೇಳಿದ್ರಲ್ಲ, ಅವತ್ತಿಗೆ ಈ ದುಡ್ಡು ತಂದು ಎಷ್ಟು ದಿನ ಆಗಿತ್ತು?’ ಅಂದಳು. ಮೂರು ಅಂದೆ. ಒಳಗೆ ಹೋಗಿ ಅಕ್ಕಿ ಆರಿಸ್ತಾ ಕೂತಳು. ರಾತ್ರಿ ಮನೆಪ್ರಾರ್ಥನೆಗೆ ಹಾಡು ಎತ್ತೋಕೆ ಹೋದೆ. ‘ಹಾಡು ಬೇಡ. 88ನೇ ಕೀರ್ತನೆ ಓದಿ’ ಅಂದಳು.

ಓದಿ ನೋಡಿ. ಕೂಗಿ ಕೂಗಿ ಕತ್ತಲೆಯಲ್ಲೇ ಮುಗಿಯುತ್ತೆ, ಕೊನೆಗೆ ಒಂದು ಹಲ್ಲೆಲೂಯ ಕೂಡ ಇಲ್ಲ. ಮಿಷನರಿ ಜಾನ್ ಹ್ಯಾಂಡ್ಸ್ ಸಾಹೇಬರು 1810ರಲ್ಲಿ ನಮ್ಮೂರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರೋಕೆ ಕೂತರು ಅಂತ ಬಳ್ಳಾರಿ ಕ್ರೈಸ್ತರಿಗೆ ಸ್ವಲ್ಪ ಜಂಬ ಇದೆ, ನನಗೂ ಇತ್ತು. ಆ ಪುಸ್ತಕದ 150 ಕೀರ್ತನೆಗಳಲ್ಲಿ ನಾನು ಓದ್ತಿದ್ದಿದ್ದು ಬಾಯಿಪಾಠ ಇದ್ದ ಹತ್ತೇ ಹತ್ತು. 13ನೆಯದು ‘ಎಲ್ಲಿಯವರೆಗೆ ನನ್ನನ್ನು ಮರೀತೀಯ’ ಅಂತ ದೇವರನ್ನೇ ಜಗ್ಗಿ ಕೇಳುತ್ತೆ. ಹಾಡೋದು ಆಮೇಲೆ. ಅದನ್ನು ಸ್ತುತಿ ಅಲ್ಲ ಅಂತ ಯಾರೂ ಬೈಬಲ್ಲಿನಿಂದ ಕಿತ್ತು ಹಾಕಿಲ್ಲ. ನಿಮಗೆ ಬಾಯಿ ಬರ್ತಿಲ್ಲ ಅಂದ್ರೆ ನಿಮ್ಮ ವಿಶ್ವಾಸ ಕಡಿಮೆ ಅಲ್ಲ, ನಿಮ್ಮ ಗುಂಪಿನವರು ಕಡಿಮೆ ಓದಿದ್ದಾರೆ.

ಅವರು ಹೇಳೋ ಆ ‘ಬಾಗಿಲು’ ಬೈಬಲ್ಲಿನ ಅಪೊಸ್ತಲರ ಕೃತ್ಯ 16ನೇ ಅಧ್ಯಾಯದ್ದು, ಫಿಲಿಪ್ಪಿ ಊರಿನ ಸೆರೆಮನೆಯದ್ದು. ಏಟು ತಿಂದು ಸೆರೆ ಸೇರಿದ್ದ ಅಪೊಸ್ತಲ ಪೌಲ, ಅವನ ಜೊತೆಗಾರ ಸೀಲ ನಡುರಾತ್ರಿ ಹಾಡಿದ್ರು, ಬಾಗಿಲು ತೆರೀತು, ನಿಜ. ಆದರೆ ಇಬ್ಬರೂ ಓಡಿಹೋಗಲಿಲ್ಲ, ಅದೇ ರಾತ್ರಿ ಸೆರೆಯ ಯಜಮಾನನ ಕೈಲಿ ಗಾಯ ತೊಳೆಸಿಕೊಂಡ್ರು. ಬೆಳಗಾದ ಮೇಲೆ ಸದ್ದಿಲ್ಲದೆ ಹೋಗಿಬಿಡಿ ಅಂದಾಗ ಪೌಲ ಒಪ್ಪಲಿಲ್ಲ. ರೋಮಿನ ಪ್ರಜೆಗಳನ್ನು ವಿಚಾರಣೆ ಇಲ್ಲದೆ ಹೊಡೆಸಿದ್ದೀರಿ, ಅಧಿಕಾರಿಗಳೇ ಬಂದು ಕರ್ಕೊಂಡು ಹೋಗಲಿ ಅಂದ. ರಾತ್ರಿ ಹಾಡಿದ ಬಾಯಿ ಅದೇ. ನಿಮ್ಮ ಗಂಡನೂ ಹಾಜರಾತಿ, ಹಳೇ ಸಂಬಳ ಬಿದ್ದ ಪಾಸ್‌ಬುಕ್ ಎಂಟ್ರಿ ಜೋಡಿಸಿಕೊಂಡು ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಲಿ. ಸಾಲದ ಕಂತು ಇದ್ದರೆ ತಪ್ಪೋ ಮೊದಲೇ ಬ್ಯಾಂಕಿಗೆ ಹೋಗಿ. ಗುಂಪಿನಲ್ಲಿ ಹೇಗಿದ್ದೀರಿ ಅಂದ್ರೆ ಬಾಡಿಗೆ ಎಷ್ಟು ಬಾಕಿ, ಹಾಲಿನವನಿಗೆ ಎಷ್ಟು ಬಾಕಿ, ಅದನ್ನೇ ಹೇಳಿ.

ಈಗ ನನ್ನ ಹತ್ತಿರ ಎರಡೇ ಮಷಿನ್. ಒಂದರಲ್ಲಿ ಮನೆಯವಳು ಕೂರ್ತಾಳೆ, ಲೆಕ್ಕದ ಪುಸ್ತಕವೂ ಅವಳದೇ. ಹೋದ ತಿಂಗಳು ಅದೇ ಹಿರಿಯರು ಚರ್ಚಿನ ಬಾಗಿಲಲ್ಲಿ ‘ಹೇಗಿದ್ದೀಯಪ್ಪ’ ಅಂದ್ರು. ‘ಎರಡು ತಿಂಗಳ ಕರೆಂಟ್ ಬಿಲ್ ಉಳಿದಿದೆ ಅಂಕಲ್, ಸ್ತೋತ್ರ’ ಅಂದೆ. ಜೋರಾಗಿ ನಕ್ಕರು.